ತೋಟ ಇದೆ ಸರಿ, ನಾಯಿ ಜೊತೆ ಯಾರಿರ್ತಾರೆ?

"ಚೂಟಿ ನಾಯೀನಾ? ಹಾಗಾದ್ರೆ ಯಾರದಾದ್ರೂ ತೋಟಕ್ಕೆ ಬಿಟ್ಬಿಡಿ, ಆರಾಮಾಗಿ ಓಡಾಡ್ಕೊಂಡಿರತ್ತೆ."

ಈ ಮಾತು ಕೇಳಿದರೆ ಈಚೆಗೆ ನನಗೆ ಮೈ ಉರಿಯುತ್ತೆ. ಹೇಳುವವರೆಲ್ಲ ಒಳ್ಳೆಯವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕಷ್ಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಸಲ ಜಗಳ ಆಡಿ ಸುಮ್ಮನಾಗಬಹುದಿತ್ತು! ಬೆಂಗಳೂರಿನ ಫ್ಲಾಟಿನಲ್ಲಿ ಒಂದು ನಾಯಿ ಸೋಫಾ ಹರಿದು ಹಾಕಿದರೆ ಸಾಕು, ಮನೆಯವರ ಕಣ್ಣು ಬಂದು ಬೀಳುವುದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳ ಮೇಲೆ. ಮಾವನ ತೋಟ, ಚಿಕ್ಕಪ್ಪನ ತೋಟ, ಆಫೀಸಿನಲ್ಲಿ ಪಕ್ಕದ ಸೀಟಿನವನ ತೋಟ.. ಯಾರದಾದರೂ ಸರಿ, ಹಸಿರು ಕಂಡರೆ ಆಯಿತು. ಇತ್ತ ನಮ್ಮೂರಿನವರೂ ಏನು ಕಮ್ಮಿಯಿಲ್ಲ. ಬೀದಿಯಿಂದ ಎತ್ತಿ ತಂದ ಮರಿಗೆ ಒಂದು ಮನೆ ನೋಡಬೇಕು ಅಂದರೆ ಮೊದಲು ಬರುವ ಸಲಹೆಯೇ ಇದು.

ನನ್ನ ತಕರಾರು ಇಷ್ಟೇ. ಚುರುಕಾದ ಎಳೆ ನಾಯಿಗೆ ಎಕರೆಗಟ್ಟಲೆ ಜಾಗ ಬೇಕಿಲ್ಲ. ದಿನಕ್ಕೆ ಎರಡು ಹೊತ್ತು ಅದರ ಜೊತೆ ಇರುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಇಲ್ಲದಿದ್ದರೆ ಹತ್ತು ಎಕರೆ ತೋಟವೂ ಅದಕ್ಕೆ ಮನೆಯಾಗುವುದಿಲ್ಲ. ಇದನ್ನು ಯೋಚಿಸದೆ ನಾವು ನಾಯಿಗಳನ್ನು ತೋಟಕ್ಕೆ "ದಾನ" ಮಾಡುತ್ತೇವೆ, ಪುಣ್ಯ ಬಂತು ಅಂದುಕೊಂಡು ನೆಮ್ಮದಿಯಾಗಿ ಮಲಗುತ್ತೇವೆ.

ಯಾಕಪ್ಪಾ ಈ ಪುರಾಣ ಅಂತೀರಾ? ನಮ್ಮ ಮನೆಗೆ ಎರಡು ತಿಂಗಳಿಂದ ಒಬ್ಬಳು ಅತಿಥಿ ಬಂದಿದ್ದಾಳೆ. ಹೆಸರು ಕೆಂಚಿ. ಬಣ್ಣ ನೋಡಿ ಇಟ್ಟ ಹೆಸರು. ಪಶು ಆಸ್ಪತ್ರೆಯ ಡಾಕ್ಟರು ಹಲ್ಲು ನೋಡಿ, ಹತ್ತು ತಿಂಗಳ ಆಸುಪಾಸು ಅಂದರು. ಉದ್ದ ಕಾಲು, ಸಣ್ಣ ಸೊಂಟ, ಯಾವ ಕಾಲದಲ್ಲೋ ಎಲ್ಲೋ ಮುಧೋಳದ ರಕ್ತ ಬೆರೆತಿರಬೇಕು ಅಂತ ನೋಡಿದವರೆಲ್ಲ ಹೇಳುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರ ತನಕ ಅವಳಿಗೆ ದಣಿವು ಅನ್ನುವುದೇ ಗೊತ್ತಿಲ್ಲ. "ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ" ಅಂತ ಗಾದೆ ಮಾಡಿದವರ ಮನೆಯಲ್ಲಿ ಕೆಂಚಿಯಂಥದ್ದೇ ಒಂದು ಇದ್ದಿರಬೇಕು :-)

ಅವಳು ಸಿಕ್ಕಿದ್ದು ಕೆ.ಬಿ. ಕ್ರಾಸಿನಲ್ಲಿ. ನಮ್ಮ ಕಡೆಯವರಲ್ಲದವರಿಗೆ ಹೇಳಬೇಕೆಂದರೆ, ಕಿಬ್ಬನಹಳ್ಳಿ ಕ್ರಾಸ್ ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ರಸ್ತೆಗಳು ಕೂಡುವ ಜಾಗ. ಬೆಂಗಳೂರು-ಶಿವಮೊಗ್ಗ ರಸ್ತೆಯ ಬಸ್ಸುಗಳು, ಕೊಬ್ಬರಿ ಲಾರಿಗಳು, ಟೀ ಅಂಗಡಿಗಳು.. ಹಗಲೂ ರಾತ್ರಿ ಜನ. ನಾಯಿ ಬಿಟ್ಟು ಹೋಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಯಾರಾದರೂ ಬನ್ ಹಾಕುತ್ತಾರೆ, ಯಾರಾದರೂ ಕರೆದುಕೊಂಡು ಹೋಗುತ್ತಾರೆ, ಇಲ್ಲ ಲಾರಿಗೆ ಸಿಕ್ಕುತ್ತೆ. ಮೂರರಲ್ಲಿ ಯಾವುದಾದರೂ ಬಿಟ್ಟವರಿಗೆ ಲೆಕ್ಕವಿಲ್ಲ.

ಟೀ ಅಂಗಡಿಯಲ್ಲಿ ಚೂರುಚೂರಾಗಿ ಸಿಕ್ಕ ಕಥೆ ಹೀಗಿದೆ. ಕೆಂಚಿಯನ್ನು ಎರಡು ತಿಂಗಳ ಮರಿಯಿದ್ದಾಗ ಬೆಂಗಳೂರಿನಿಂದ ಯಾರೋ ತಂದು ತಮ್ಮ ಮನೆಯವರ ತೋಟಕ್ಕೆ ಬಿಟ್ಟರಂತೆ. ಕೊಬ್ಬರಿ ಶೆಡ್ಡಿನ ಕಂಬಕ್ಕೆ ಕಟ್ಟಿದ್ದರಂತೆ. ಬಿಚ್ಚಿದಾಗಲೆಲ್ಲ ಡ್ರಿಪ್ ಪೈಪು ಕಚ್ಚಿ ತೂತು ಮಾಡಿದಳಂತೆ. ಪಕ್ಕದವರ ಎರಡು ಕೋಳಿ ಹೋದವಂತೆ. ಆಮೇಲೆ ಒಂದು ದಿನ ಖುಷಿ ತಡೆಯಲಾರದೆ ಮನೆಯ ಅಜ್ಜಿಯ ಮೇಲೆ ಹಾರಿ, ಅಜ್ಜಿ ಬಿದ್ದು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲವಂತೆ. ಮಾರನೇ ದಿನವೇ ಲಗೇಜು ಆಟೋದಲ್ಲಿ ಕೆ.ಬಿ. ಕ್ರಾಸಿಗೆ ಸವಾರಿ. ಆ ತೋಟದವರು ಯಾರು ಅನ್ನುವುದು ನನಗೂ ಬೇಡ, ನಿಮಗೂ ಬೇಡ. ಅಜ್ಜಿ ಬಿದ್ದರಲ್ಲ, ಆ ಮನೆಯವರ ಭಯ ನನಗೆ ಅರ್ಥವಾಗುತ್ತೆ. ಅರ್ಥವಾಗದ್ದು, ಅಜ್ಜಿ ಇರುವ ಮನೆಗೆ ಇಂಥ ನಾಯಿಯನ್ನು ತಂದುಕೊಟ್ಟು ಬೆಂಗಳೂರಿಗೆ ಬಸ್ಸು ಹತ್ತಿದವರ ಧೈರ್ಯ!

ನಾವೇ ಇಟ್ಟುಕೊಳ್ಳಬಹುದಲ್ಲ ಅಂತ ಕೇಳುವವರಿಗೆ: ನಮ್ಮಲ್ಲಿ ಹದಿಮೂರು ವರ್ಷದ ಮುದಿ ನಾಯಿ ಒಂದಿದೆ. ಕಣ್ಣು ಕಾಣುವುದಿಲ್ಲ, ಸೊಂಟ ಹಿಡಿದಿದೆ. ಕೆಂಚಿ ಅದರ ಮೇಲೆ ದಿನಕ್ಕೆ ಇಪ್ಪತ್ತು ಸಲ ಹಾರುತ್ತಾಳೆ. ಅದಕ್ಕೂ ನೆಮ್ಮದಿ ಇಲ್ಲ, ಇವಳಿಗೂ ಆಟ ಸಾಲದು. ಅದಕ್ಕೇ ಮನೆ ಹುಡುಕುತ್ತಿರುವುದು.

ಇಷ್ಟು ದಿನದಲ್ಲಿ ಕೇಳಿಕೊಂಡು ಬಂದವರು ಮೂರು ಜನ.

ಮೊದಲನೆಯವರು ತುರುವೇಕೆರೆ ಕಡೆಯವರು, ಒಳ್ಳೆ ಜಮೀನ್ದಾರರು. "ಬೊಗಳುತ್ತೇನ್ರೀ?" ಅಂತಲೇ ಶುರು ಮಾಡಿದರು. ಬೊಗಳುತ್ತೆ ಅಂದೆ. "ಹೊಸಬರು ಬಂದ್ರೆ ಕಚ್ಚುತ್ತಾ?" ಇಲ್ಲ ಸರ್, ಹೊಸಬರು ಬಂದರೆ ಕುಣಿದು ಕುಪ್ಪಳಿಸಿ ಮೂತಿ ನೆಕ್ಕುತ್ತೆ ಅಂದೆ. "ಹಗಲು ಹೊತ್ತು ಕಟ್ಟಿಹಾಕಿದ್ರೆ ರೋಷ ಬರುತ್ತೆ ಬಿಡಿ, ಒಂದು ತಿಂಗಳಲ್ಲಿ ಸರಿಮಾಡ್ತೀನಿ" ಅಂದರು. ನಾನು ಫೋನಿಟ್ಟೆ.

ಎರಡನೆಯವರು ಬೆಂಗಳೂರಿನ ದಂಪತಿ. ತುಂಬಾ ಸಭ್ಯರು. ಹನ್ನೆರಡು ಎಕರೆ ತೋಟ ಇದೆ, ಸುತ್ತ ಬೇಲಿ ಇದೆ ಅಂತ ಫೋಟೋ ಕಳಿಸಿದರು. ಅಲ್ಲಿ ಯಾರಿರುತ್ತಾರೆ ಅಂತ ಕೇಳಿದೆ. "ನಾವು ತಿಂಗಳಿಗೆ ಒಂದು ವೀಕೆಂಡ್ ಪಕ್ಕಾ ಬರ್ತೀವಿ. ನೀರು ಬಿಡೋಕೆ ಒಬ್ಬ ಹುಡುಗ ದಿನಾ ಬಂದು ಹೋಗ್ತಾನೆ, ಅವನೇ ಅನ್ನ ಹಾಕ್ತಾನೆ" ಅಂದರು. ಅಂದರೆ ತಿಂಗಳಲ್ಲಿ ಇಪ್ಪತ್ತೆಂಟು ದಿನ ಹನ್ನೆರಡು ಎಕರೆಯಲ್ಲಿ ಒಂಟಿ ನಾಯಿ.

ಮೂರನೆಯವರ ಸಂಭಾಷಣೆ ಸಣ್ಣದು. "ಗಂಡೋ ಹೆಣ್ಣೋ?" ಹೆಣ್ಣು. "ಓ.. ಬೇಡ ಬಿಡಿ." ಮುಗಿಯಿತು.

ಈ ಮೂವರಿಗೂ ತೋಟ ಇತ್ತು ಅನ್ನುವುದನ್ನು ಗಮನಿಸಿ.

ಈಗ ನಮ್ಮ ತೋಟಗಳ ವಿಷಯಕ್ಕೆ ಬರೋಣ. ನಮ್ಮ ಕಡೆ ನಾಯಿ ಯಾಕೆ ಬೇಕು ಅನ್ನುವುದಕ್ಕೆ ಕೊಬ್ಬರಿಯೇ ಕಾರಣ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೋ ಶೆಡ್ಡಿನಲ್ಲೋ ಎಂಟರಿಂದ ಹನ್ನೆರಡು ತಿಂಗಳು ಕೂರಬೇಕು. ಒಂದು ಮನೆಯ ವರ್ಷದ ಸಂಪಾದನೆ ಪೂರ್ತಿ ಅಲ್ಲಿ ರಾಶಿ ಬಿದ್ದಿರುತ್ತೆ. 2023ರಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರವೂ ಹುಟ್ಟದೆ ನಮ್ಮ ರೈತರು ಬೀದಿಗಿಳಿದು ಪ್ರತಿಭಟನೆ ಮಾಡಿದ್ದರು. ಅದೇ ಕೊಬ್ಬರಿ 2025ರಲ್ಲಿ 20 ಸಾವಿರ ದಾಟಿತು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟಿದ್ದ ಬೆಂಬಲ ಬೆಲೆ 12,100 ರೂಪಾಯಿ! ರೇಟು ಏರಿದ ಹಾಗೆ ಕಳ್ಳರ ಭಯವೂ ಏರುತ್ತೆ, ಕಳ್ಳರ ಭಯ ಏರಿದ ಹಾಗೆ "ಒಂದು ನಾಯಿ ಇದ್ರೆ ಕೊಡ್ರಪ್ಪಾ" ಅನ್ನುವವರೂ ಜಾಸ್ತಿ ಆಗುತ್ತಾರೆ. ತಪ್ಪಲ್ಲ. ವರ್ಷದ ಗಂಜಿಯನ್ನು ಕಾಪಾಡಿಕೊಳ್ಳಬೇಡಿ ಅಂತ ಯಾರೂ ಹೇಳಲಾಗದು.

ಆದರೆ ತೋಟದ ಮನೆಯಲ್ಲಿ ಇವತ್ತು ಇರುವವರು ಯಾರು? ಅರವತ್ತೈದು ಎಪ್ಪತ್ತು ದಾಟಿದ ಅಪ್ಪ ಅಮ್ಮ. ಮಕ್ಕಳು ಬೆಂಗಳೂರಿನಲ್ಲಿ. ಕಾಯಿ ಕೀಳುವವರು, ಸುಲಿಯುವವರು ಬಂದಾಗ ನಾಲ್ಕು ದಿನ ಗಲಾಟೆ, ಉಳಿದಂತೆ ಟಿವಿ ಶಬ್ದ ಬಿಟ್ಟರೆ ಬೇರೆ ದನಿ ಇಲ್ಲ. ಮಕ್ಕಳ ಜಾಗ ತುಂಬಲಿ ಅಂತ ನಾಯಿ ತಂದು ಬಿಡುತ್ತಾರೆ. ಮಂಡಿ ನೋವಿನ ಅಮ್ಮ ಹತ್ತು ತಿಂಗಳ ಓಟದ ನಾಯಿಯನ್ನು ಹಗ್ಗ ಹಿಡಿದು ನಡೆಸುತ್ತಾರಾ? ಸಾಧ್ಯವೇ ಇಲ್ಲ. ಆಗ ಉಳಿಯುವ ದಾರಿ ಒಂದೇ, ಸರಪಳಿ. ಆರು ಅಡಿ ಸರಪಳಿಗೆ ಕಟ್ಟಿದ ಮೇಲೆ ತೋಟ ಎರಡು ಎಕರೆ ಆದರೇನು ಇಪ್ಪತ್ತು ಎಕರೆ ಆದರೇನು? ಆ ನಾಯಿಯ ಪಾಲಿನ ಲೋಕ ಆರು ಅಡಿ. ಬೆಂಗಳೂರಿನ ಫ್ಲಾಟಿನಲ್ಲಿ ಎರಡು ಬೆಡ್ ರೂಮಾದರೂ ಇತ್ತಪ್ಪ!

"ಅಲ್ಲಾ ರೀ, ನಮ್ಮ ತಾತನ ಕಾಲದಿಂದ ತೋಟದಲ್ಲಿ ನಾಯಿ ಇರಲಿಲ್ವಾ? ಯಾರು ಕಟ್ಟಿ ಹಾಕ್ತಿದ್ರು?" ಅಂತ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ತಾತನ ಕಾಲದಲ್ಲಿ ನಾಯಿ ಬಿಟ್ಟೇ ಇರುತ್ತಿತ್ತು, ನಿಜ. ಆಗ ಮನೆಯಲ್ಲಿ ಹನ್ನೆರಡು ಜನ ಇದ್ದರು, ದನ ಕರು ಇತ್ತು, ಹೊಲಕ್ಕೆ ಹೋಗುವವರ ಹಿಂದೆ ನಾಯಿ ಹೋಗಿ ಅವರ ಹಿಂದೆಯೇ ಬರುತ್ತಿತ್ತು. ಅದಕ್ಕೆ ಅಷ್ಟು ಕಂಪನಿ ಇತ್ತು, ಕೆಲಸವೂ ಇತ್ತು. ಜೊತೆಗೆ ಆ ಕಾಲದಲ್ಲಿ ಎಷ್ಟು ಮರಿ ಹುಟ್ಟಿ ಎಷ್ಟು ಉಳಿದವು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಒಂದು ಸತ್ತರೆ ಇನ್ನೊಂದು ಬರುತ್ತಿತ್ತು. ನಮಗೆ ನೆನಪಿರುವುದು ಉಳಿದುಕೊಂಡದ್ದು ಮಾತ್ರ.

ಈಗ ಬಿಟ್ಟ ನಾಯಿಗೆ ಏನೇನು ಕಾದಿದೆ ನೋಡಿ. ಕಾಡುಹಂದಿಗೆ ಅಂತ ಇಡುವ ಸಿಡಿಮದ್ದು, ಮೂಸಿ ಕಚ್ಚಿದರೆ ದವಡೆಯೇ ಹಾರಿಹೋಗುತ್ತೆ. ಕೃಷಿ ಹೊಂಡ, ಒಳಗೆ ಹಾಸಿದ ಪ್ಲಾಸ್ಟಿಕ್ ಶೀಟು ಜಾರುವುದರಿಂದ ನೀರು ಕುಡಿಯಲು ಇಳಿದ ನಾಯಿ ಹತ್ತಿ ಬರಲಾರದು. ಹೇಮಾವತಿ ನಾಲೆಯ ಸಿಮೆಂಟ್ ದಂಡೆಯದ್ದೂ ಅದೇ ಕಥೆ. ಊರೊಳಗೂ ಡಾಂಬರು ಬಂದಿದೆ, ಬೈಕು ಟ್ರ್ಯಾಕ್ಟರುಗಳ ವೇಗವೂ ಜಾಸ್ತಿ ಆಗಿದೆ. ಇನ್ನು ಚಿಕ್ಕನಾಯಕನಹಳ್ಳಿ, ಬುಕ್ಕಾಪಟ್ಟಣದ ಕಡೆ ಬೆಟ್ಟಗುಡ್ಡದ ಪಕ್ಕದ ತೋಟ ಆದರೆ ಚಿರತೆ. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಚಿರತೆಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿ, ಬೀದಿನಾಯಿಗಳದ್ದೇ ಆಗಿತ್ತು. ತೂಕದ ಲೆಕ್ಕದಲ್ಲಿ ಶೇ. 39. ನಮ್ಮ ಊರಿನವರಿಗೆ ಈ ಅಧ್ಯಯನ ಬೇಕಿಲ್ಲ, ಬೆಳಿಗ್ಗೆ ಎದ್ದು ಖಾಲಿ ಸರಪಳಿ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಹೊರಗೆ ಕಟ್ಟಿದ ನಾಯಿಗೆ ಓಡಿಹೋಗುವ ಅವಕಾಶವೂ ಇಲ್ಲ ಅನ್ನುವುದನ್ನು ಒಂದು ಕ್ಷಣ ಯೋಚನೆ ಮಾಡಿ. ನಾವು ಅದನ್ನು "ಕಾವಲು" ಅಂತ ಕರೆಯುತ್ತೇವೆ.

ಕಟ್ಟಿ ಹಾಕುವ ವಿಷಯದಲ್ಲಿ ಕಾನೂನೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಓದಿ. ಹೊಡೆಯುವುದು ಬಡಿಯುವುದು ಮಾತ್ರ ಹಿಂಸೆ ಅಂತ ಅದರಲ್ಲಿ ಇಲ್ಲ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಹಿಂಸೆ. ಸದಾ ಕಟ್ಟಿಯೇ ಇಡುವ ನಾಯಿಗೆ ಮಾಲೀಕ ತಕ್ಕಷ್ಟು ವ್ಯಾಯಾಮ ಮಾಡಿಸದಿದ್ದರೆ ಅದೂ ಹಿಂಸೆ. ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಹೋಗುವುದೂ ಹಿಂಸೆ. ಅರವತ್ತು ವರ್ಷಕ್ಕೂ ಹಿಂದೆ, ನಾಯಿಗೆ ವಾಕಿಂಗ್ ಅನ್ನುವ ಮಾತೇ ಹಳ್ಳಿಯಲ್ಲಿ ಇಲ್ಲದ ಕಾಲದಲ್ಲಿ, ಯಾರೋ ಪುಣ್ಯಾತ್ಮರು ಕೂತು ಇದನ್ನು ಬರೆದರು. ದಂಡ ಮಾತ್ರ ಆ ಕಾಲದ್ದೇ. ಮೊದಲ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿ ಅಂತ ಆ ಕಾಯ್ದೆ ಇಟ್ಟಿತು. ಬೆಂಗಳೂರಿನಲ್ಲಿ ಒಂದು ಎಳನೀರಿಗೂ ಸಾಲದು! ಹಾಗಾಗಿ ಪೊಲೀಸರನ್ನು ನೆಚ್ಚಿಕೊಂಡು ಈ ಕೆಲಸ ಆಗುವುದಿಲ್ಲ. ಕೊಡುವ ನಾವು, ತೆಗೆದುಕೊಳ್ಳುವ ನೀವು ಸರಿಯಾಗಬೇಕು ಅಷ್ಟೇ.

ಇನ್ನು "ಚೂಟಿ" ಅನ್ನುವುದನ್ನೇ ಒಂದು ರೋಗದ ಹಾಗೆ ನೋಡುವವರ ಬಗ್ಗೆ. ನಾಯಿಗೆ ಆರು ತಿಂಗಳಿಂದ ಹೆಚ್ಚೂಕಡಿಮೆ ಒಂದೂವರೆ ಎರಡು ವರ್ಷದ ತನಕ ಹದಿಹರೆಯ. ಮೈಯಲ್ಲಿ ದೊಡ್ಡ ನಾಯಿಯ ಶಕ್ತಿ, ತಲೆಯಲ್ಲಿ ಮರಿಯ ಬುದ್ಧಿ. ನಮ್ಮ ಮನೆಗಳ ಹದಿನಾರು ವರ್ಷದ ಹುಡುಗರನ್ನು ನೆನೆಸಿಕೊಳ್ಳಿ, ಅವರನ್ನು ಯಾರೂ ಕೆ.ಬಿ. ಕ್ರಾಸಿನಲ್ಲಿ ಬಿಟ್ಟು ಬರುವುದಿಲ್ಲ (ಆಸೆ ಆಗುತ್ತೆ, ಅದು ಬೇರೆ ವಿಷಯ). ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ. ಕೆಲಸವಿಲ್ಲದ ನಾಯಿ ಡ್ರಿಪ್ ಪೈಪು ಕಚ್ಚುತ್ತೆ, ಚಪ್ಪಲಿ ತಿನ್ನುತ್ತೆ, ಕೋಳಿ ಅಟ್ಟಿಸಿಕೊಂಡು ಹೋಗುತ್ತೆ. ಕೆಲಸ ಕೊಟ್ಟರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗಿ ನಿಲ್ಲುತ್ತೆ. ಕೆಂಚಿಯನ್ನು ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ನಡೆಸಿ, ಮಧ್ಯಾಹ್ನ ಹತ್ತು ನಿಮಿಷ "ಕೂತ್ಕೋ, ಬಾ, ಬಿಡು" ಅಂತ ಕಲಿಸಿದ ದಿನ ಅವಳು ನನ್ನ ಕಾಲಬುಡದಲ್ಲಿ ಗೊರಕೆ ಹೊಡೆಯುತ್ತಾಳೆ. ಮಳೆ ಬಂದು ತಪ್ಪಿದ ದಿನ ಮನೆಯವರೆಲ್ಲರ ಚಪ್ಪಲಿ ಅಟ್ಟದ ಮೇಲೆ. ಲೆಕ್ಕ ಅಷ್ಟು ಸರಳ. ಈ ಒಂದು ಕಾಲು ಗಂಟೆಗೆ ತೋಟ ಬೇಡ, ಊರಿನ ಕೆರೆ ಏರಿ ಸಾಕು.

ನಮ್ಮ ಕಡೆ ಸುಖವಾಗಿರುವ ನಾಯಿ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಕುರಿ ಕಾಯುವವರ ನಾಯಿಯನ್ನು. ಚಿಕ್ಕನಾಯಕನಹಳ್ಳಿ, ಸಿರಾ ಕಡೆ ನೋಡಿ, ಕುರಿಮಂದೆಯ ಜೊತೆ ದಿನಕ್ಕೆ ಎಷ್ಟು ಮೈಲಿ ನಡೆಯುತ್ತವೋ ಏನೋ. ಅವರ ಬಳಿ ಎಷ್ಟೋ ಜನಕ್ಕೆ ತುಂಡು ಜಮೀನಿಲ್ಲ. ಆದರೆ ನಾಯಿಯ ಜೊತೆ ಬೆಳಗಿನಿಂದ ರಾತ್ರಿಯ ತನಕ ಅದರ ಮನುಷ್ಯ ಇರುತ್ತಾನೆ. (ಹಾಗಂತ ಕೆಂಚಿಯನ್ನು ನಾಳೆಯೇ ಕುರಿಹಟ್ಟಿಗೆ ಕಳಿಸಲಾಗುವುದಿಲ್ಲ. ಮರಿಯಿಂದ ಕುರಿಯ ಜೊತೆ ಬೆಳೆಯದ ನಾಯಿ ಕುರಿಯನ್ನೇ ಅಟ್ಟುತ್ತೆ. ಕೋಳಿ ಕೊಂದವಳು ಬೇರೆ.)

ಇದೇನೂ ಹೊಸ ಕಾಲದ ಷೋಕಿ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 949-50ರ ಒಂದು ಶಾಸನ ಇದೆ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಗೆದ್ದ ಸಂದರ್ಭದಲ್ಲಿ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದನಂತೆ. ಮಣಲೇರ ಕೇಳಿದ್ದು ಏನು ಗೊತ್ತಾ? ರಾಜನ ಬಳಿ ಇದ್ದ ಕಾಳಿ ಅನ್ನುವ ಬೇಟೆನಾಯಿಯನ್ನು! ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ನಾಯಿ ಹಂದಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕನ್ನಡದಲ್ಲಿ ಬರೆದಿಟ್ಟ ನಾಯಿ ದತ್ತು ಪ್ರಕರಣಗಳಲ್ಲಿ ಇದು ತೀರಾ ಹಳೆಯದು ಅಂತ ನಾನು ತಮಾಷೆ ಮಾಡುವುದುಂಟು. ತಮಾಷೆ ಬಿಡಿ, ಅಲ್ಲಿ ಒಂದು ಪಾಠ ಇದೆ. ಓಡುವ ನಾಯಿ, ಅದು ಓಡುತ್ತೆ ಅಂತಲೇ ಬೇಕು ಅಂದವನ ಕೈಗೆ ಹೋಯಿತು. "ಓಡುತ್ತೆ, ಆದರೂ ಪರವಾಗಿಲ್ಲ, ಕಟ್ಟಿಹಾಕ್ತೀನಿ" ಅಂದವನ ಕೈಗೆ ಹೋಗಲಿಲ್ಲ.

ಇಷ್ಟು ಹೊತ್ತು ತೆಗೆದುಕೊಳ್ಳುವವರಿಗೆ ಬೈದಾಯಿತು. ಈಗ ಕೊಡುವವರ ಸರದಿ.

ನಾಯಿಗೆ ಮನೆ ಹುಡುಕುವವರು ಬರೆಯುವ ನಾಲ್ಕು ಸಾಲು ನೋಡಿದ್ದೀರಲ್ಲ? "ತುಂಬಾ ಶಾಂತ ಸ್ವಭಾವ. ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ. ಫಾರ್ಮ್ ಹೌಸ್ ಇದ್ದವರಿಗೆ ಆದ್ಯತೆ." ಗಂಡು ಹೆಣ್ಣಿನ ಸಂಬಂಧ ಕುದುರಿಸುವಾಗ ಸಾವಿರ ಸುಳ್ಳು ಹೇಳಬಹುದು ಅಂತಾರೆ, ಅದನ್ನೇ ಇಲ್ಲೂ ನಡೆಸುತ್ತಾರೆ. ಅಲ್ಲಿ ಆದರೆ ಹುಡುಗಿಗೆ ಬಾಯಿದೆ. ಇಲ್ಲಿ ಶಾಂತ ಸ್ವಭಾವ ಅಂತ ನಂಬಿಕೊಂಡು ಹೋದವರ ಮನೆಯಲ್ಲಿ ಮೂರನೇ ದಿನಕ್ಕೆ ಬಣ್ಣ ಬಯಲಾಗುತ್ತೆ. ಆಮೇಲೆ ನಾಯಿಗೆ ಎರಡನೇ ಸಲ ಬೀದಿ. ನೀವೆಲ್ಲ ಬರೆಯುವವರು, ಒಂದು ಪದ ಎಷ್ಟು ಕೆಲಸ ಮಾಡುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ನಾಯಿ ಹೇಗಿದೆಯೋ ಹಾಗೆ ಬರೆಯಿರಿ. ಹಾರುತ್ತೆ, ಕಚ್ಚಿ ಹಾಳು ಮಾಡುತ್ತೆ, ಹಗ್ಗ ಎಳೆಯುತ್ತೆ ಅಂತಲೇ ಬರೆಯಿರಿ. ನೂರು ಜನ ಬರುವ ಜಾಗದಲ್ಲಿ ಇಬ್ಬರು ಬರುತ್ತಾರೆ. ಬರಲಿ, ಬೇಕಿರುವುದು ಒಬ್ಬರೇ ತಾನೇ?

ನಮ್ಮ ಊರಿನ ವ್ಯಾಪಾರ ನೋಡಿ ಕಲಿಯಬಹುದು. ಕಾಯಿ ಹದವಾಗಿ ಒಣಗಿದೆಯೋ ಇಲ್ಲವೋ ಅಂತ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಉಂಡೆ ಬಿಟ್ಟುಕೊಂಡು ಲೊಡಲೊಡ ಅಂದರೆ ಮಾತ್ರ ಒಡೆಯುತ್ತಾರೆ. ತಿಪಟೂರು ಮಾರ್ಕೆಟ್ಟಿನಲ್ಲಿ ಮುಟ್ಟಿ ನೋಡದೆ, ತೂಕ ಹಾಕದೆ ಒಂದು ಚೀಲ ಕೊಬ್ಬರಿ ಕೈ ಬದಲಾಗುವುದಿಲ್ಲ. ಅದೇ ನಾವು, ಹತ್ತು ಹನ್ನೆರಡು ವರ್ಷ ಬದುಕುವ ಒಂದು ಜೀವವನ್ನು ಒಂದು ಫೋನಿನಲ್ಲಿ ದಾಟಿಸಿಬಿಡುತ್ತೇವೆ. ಮನೆ ಹೋಗಿ ನೋಡುವುದಿಲ್ಲ. ಹಿಂದಿನ ನಾಯಿ ಏನಾಯಿತು ಅಂತ ಕೇಳುವುದಿಲ್ಲ, ಕೇಳಿದರೆ ಅವರಿಗೆ ಬೇಜಾರಾಗುತ್ತೆ ಅಂತ!

ಹೆಣ್ಣು ಬೇಡ ಅನ್ನುವವರಿಗೂ ಒಂದು ಮಾತು. ಅವರ ಭಯ ಸುಳ್ಳಲ್ಲ. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಎರಡೇ ತಿಂಗಳಲ್ಲಿ ಮರಿ ಹಾಕುತ್ತೆ, ಆ ಮರಿಗಳನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಯಾವುದೋ ಕ್ರಾಸಿಗೆ ಹೋಗಬೇಕು. ಅದಕ್ಕೆ ಆಪರೇಷನ್ ಇದೆಯಲ್ಲ? ಸಂತಾನಹರಣ ಚಿಕಿತ್ಸೆ ಮಾಡಿಸಿದ ಮೇಲೆ ಗಂಡಾದರೇನು ಹೆಣ್ಣಾದರೇನು. ಹಾಗಾಗಿ ಆಪರೇಷನ್ ಮಾಡಿಸದೆ, ರೇಬೀಸ್ ಲಸಿಕೆ ಮತ್ತು ಪಾರ್ವೊ, ಡಿಸ್ಟೆಂಪರುಗಳ ಲಸಿಕೆ ಹಾಕಿಸದೆ ದೊಡ್ಡ ಮರಿಯನ್ನು ಯಾರಿಗೂ ಕೊಡಬಾರದು. "ಅವರೇ ಮಾಡಿಸ್ಕೊಳ್ತಾರೆ" ಅನ್ನುವುದು ಸುಳ್ಳು, ಯಾರೂ ಮಾಡಿಸುವುದಿಲ್ಲ. ಕೆಂಚಿಗೆ ಎಲ್ಲ ಆಗಿದೆ. ಹೊಲಿಗೆ ಬಿಚ್ಚಿದ ದಿನವೇ ಕಾಂಪೌಂಡ್ ಹಾರಿದಳು, ಅದು ಬಿಡಿ.

"ಮನುಷ್ಯರ ಮಕ್ಕಳನ್ನ ಬೀದಿನಾಯಿ ಕಚ್ತಿರೋವಾಗ ನಿಂದೇನಯ್ಯಾ ನಾಯಿ ಸೇವೆ" ಅಂತ ಬೈಯುವವರೂ ಇದ್ದಾರೆ. ಅವರ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಕಚ್ಚಿದ ಕೂಡಲೇ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು, ಅರಿಶಿನ, ಸುಣ್ಣ, ಮಂತ್ರ ಅಂತ ಕೂರಬಾರದು. 2025ರಲ್ಲಿ ಸುಪ್ರೀಂ ಕೋರ್ಟಿನ ತನಕ ಈ ಜಗಳ ಹೋದದ್ದು ನೆನಪಿರಬಹುದು. ಆಗಸ್ಟ್ 22ರ ಆದೇಶದಲ್ಲಿ ಕೋರ್ಟು, ರೇಬೀಸ್ ತಗುಲಿದ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ದತ್ತು ತೆಗೆದುಕೊಳ್ಳುವವರು ಅರ್ಜಿ ಕೊಟ್ಟು ತೆಗೆದುಕೊಳ್ಳಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಅಂತಲೂ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲೇ ಬಿಡಬಾರದು ಅಂದಿತು. ಆ ಆದೇಶಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, "ಮತ್ತೆ ಬೀದಿಗೆ ಬರಬಾರದು" ಅನ್ನುವ ಮಾತು ನ್ಯಾಯವಾದದ್ದು. ತೋಟದಿಂದ ತಂದು ಕ್ರಾಸಿನಲ್ಲಿ ಬಿಡುವ ಪ್ರತಿ ನಾಯಿಯೂ ನಾವೇ ಕೈಯಾರೆ ಮಾಡಿದ ಬೀದಿನಾಯಿ. ಬೀದಿನಾಯಿ ಕಾಟ ಅಂತ ಕೂಗುವವರು ಇಲ್ಲಿಂದಲೇ ಶುರು ಮಾಡಬಹುದಲ್ಲ?

ಕೊನೆಗೆ, ಕೆಂಚಿಯನ್ನು ಕೇಳಿಕೊಂಡು ಬರುವವರಿಗೆ ನಾನು ಕೇಳುವ ಪ್ರಶ್ನೆಗಳು ಇವು. ನಿಮ್ಮ ಊರಿನಲ್ಲಿ ಯಾವುದಾದರೂ ಮರಿಗೆ ಮನೆ ಹುಡುಕುತ್ತಿದ್ದರೆ ಧಾರಾಳವಾಗಿ ಬಳಸಿಕೊಳ್ಳಿ, ಇದಕ್ಕೆ ಕಾಪಿರೈಟ್ ಇಲ್ಲ :-)

1. ಬೆಳಿಗ್ಗೆ ಅವಳನ್ನು ನಡೆಸುವವರು ಯಾರು? ಹೆಸರು ಹೇಳಿ. "ಯಾರಾದ್ರೂ ಕರ್ಕೊಂಡು ಹೋಗ್ತಾರೆ" ಅನ್ನುವುದು ಉತ್ತರವಲ್ಲ.
2. ಹಗಲಲ್ಲಿ ಎಷ್ಟು ಹೊತ್ತು ಕಟ್ಟುತ್ತೀರಿ? ರಾತ್ರಿ ಎಲ್ಲಿ ಮಲಗಿಸುತ್ತೀರಿ, ಒಳಗೋ ಹೊರಗೋ?
3. ಮನೆಯಲ್ಲಿ ನಡೆಯಲು ಕಷ್ಟವಿರುವ ಹಿರಿಯರು, ತೀರಾ ಸಣ್ಣ ಮಕ್ಕಳು ಇದ್ದಾರಾ? ಇದ್ದರೆ ಮೇಲೆ ಹಾರದಂತೆ ಕಲಿಸುವ ತನಕ ಯಾರು ನಿಗಾ ಇಡುತ್ತಾರೆ?
4. ಕೋಳಿ, ಕುರಿ, ಪಕ್ಕದವರ ಕೋಳಿ, ಪಕ್ಕದವರ ಕುರಿ?
5. ಇದಕ್ಕೆ ಮುಂಚೆ ಸಾಕಿದ ನಾಯಿ ಏನಾಯಿತು?
6. ಎರಡು ದಿನ ಊರಿಗೆ ಹೋದರೆ ಅವಳು ಎಲ್ಲಿರುತ್ತಾಳೆ?

ಎಷ್ಟು ಎಕರೆ ಅನ್ನುವ ಪ್ರಶ್ನೆ ಇದರಲ್ಲಿ ಇಲ್ಲ. ತಿಪಟೂರಿನ ಗಾಂಧಿನಗರದ ಎರಡು ರೂಮಿನ ಬಾಡಿಗೆ ಮನೆಯವರು ಇದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರೆ ಹನ್ನೆರಡು ಎಕರೆಯವರಿಗಿಂತ ಮೊದಲು ಅವರಿಗೆ ಕೊಡುತ್ತೇನೆ. ತೋಟದವರೇ ಸರಿಯಾಗಿ ಉತ್ತರ ಕೊಟ್ಟರೆ ಇನ್ನೂ ಸಂತೋಷ, ತೋಟದ ಮೇಲೆ ನನಗೇನೂ ಹಗೆಯಿಲ್ಲ. ನಾನೂ ತೆಂಗಿನ ಮರದ ಕೆಳಗೇ ಬೆಳೆದವನು.

ನನ್ನ ಕಡೆಯಿಂದ ಮಾತು ಇಷ್ಟು. ಅವಳನ್ನು ನಾನೇ ಕರೆದುಕೊಂಡು ಬಂದು ಬಿಡುತ್ತೇನೆ, ಮನೆ ನೋಡುತ್ತೇನೆ, ಮೊದಲ ದಿನ ಜೊತೆಗಿರುತ್ತೇನೆ. ಹದಿನೈದು ದಿನ ನೋಡಿ. ಆಗುವುದಿಲ್ಲ ಅನ್ನಿಸಿದರೆ ಹದಿನೈದನೇ ದಿನವಾಗಲಿ, ಮೂರು ವರ್ಷ ಬಿಟ್ಟಾಗಲಿ, ಒಂದು ಮಾತು ಹೇಳಿ, ಬಂದು ವಾಪಸ್ ಕರೆದುಕೊಂಡು ಹೋಗುತ್ತೇನೆ. ಯಾಕೆ ಏನು ಅಂತ ಕೇಳುವುದಿಲ್ಲ, ಬೈಯುವುದೂ ಇಲ್ಲ. ಕೆ.ಬಿ. ಕ್ರಾಸಿಗೆ ಮಾತ್ರ ಬೇಡ.

ಕೆಂಚಿಗೆ ಇನ್ನೂ ಮನೆ ಸಿಕ್ಕಿಲ್ಲ. ಅವಸರವಿಲ್ಲ. ಈ ಮುಂಗಾರು ಮುಗಿಯುವುದರೊಳಗೆ ಸಿಕ್ಕರೆ ನಮ್ಮ ಮುದಿ ನಾಯಿ ನಿಮಗೆ ಆಶೀರ್ವಾದ ಮಾಡುತ್ತೆ. ಏನಂತೀರಾ?